ಒಂದೇ ಗಾಜಿನ ಮೇಲೆ 66 ಚುಕ್ಕೆ: ನೀರು ಒಡೆಯುವ ಕ್ಯಾಟಲಿಸ್ಟ್ ಹುಡುಕುವ ಸಮಗ್ರ ಮಾರ್ಗದರ್ಶಿ

ನಿಕ್ಕಲ್, ಕಬ್ಬಿಣ, ಕೋಬಾಲ್ಟ್. ಈ ಮೂರು ಲೋಹಗಳನ್ನು ಶೇಕಡಾ 10ರಂತೆ ಹೆಚ್ಚು ಕಡಿಮೆ ಮಾಡುತ್ತಾ ಬೆರೆಸಿದರೆ ಎಷ್ಟು ಬಗೆಯ ಮಿಶ್ರಣ ಆಗುತ್ತದೆ? ಕಾಗದದ ಮೇಲೆ ಚುಕ್ಕೆ ಇಟ್ಟು ನೋಡಿ. ಕೆಳಗಿನ ಸಾಲಿನಲ್ಲಿ 11, ಅದರ ಮೇಲೆ 10, ಆಮೇಲೆ 9, ಹೀಗೆ ತುದಿಯಲ್ಲಿ 1. ರಂಗೋಲಿ ಪುಸ್ತಕದಲ್ಲಿ '11ರಿಂದ 1' ಅಂತ ಬರೆದಿರುತ್ತಾರಲ್ಲ, ಅದೇ ಲೆಕ್ಕ. ಒಟ್ಟು 66 ಚುಕ್ಕೆ. ಮೂರು ಮೂಲೆಗಳಲ್ಲಿ ಒಂದೊಂದೇ ಲೋಹ, ಅಂಚುಗಳಲ್ಲಿ ಎರಡೆರಡರ ಜೋಡಿ, ಒಳಗೆಲ್ಲ ಮೂರೂ ಸೇರಿದ್ದು.

ಈ 66ನ್ನೂ ಒಂದೊಂದಾಗಿ ತಯಾರಿಸಿ ಅಳೆಯಲು ಹೊರಟರೆ ತಿಂಗಳುಗಳೇ ಹೋಗುತ್ತವೆ. ಎಲ್ಲವನ್ನೂ ಒಂದೇ ಗಾಜಿನ ಮೇಲಿಟ್ಟು ಒಟ್ಟಿಗೆ ಪರೀಕ್ಷಿಸಿದರೆ ಒಂದೆರಡು ವಾರದ ಕೆಲಸ. ಇದಕ್ಕೆ ಹೈ-ಥ್ರೂಪುಟ್ ಹುಡುಕಾಟ ಅನ್ನುತ್ತಾರೆ. ಆದರೆ 66ನ್ನು ಒಟ್ಟಿಗೆ ಅಳೆಯುವಷ್ಟೇ ಸುಲಭವಾಗಿ 66ನ್ನೂ ಒಟ್ಟಿಗೆ ತಪ್ಪಾಗಿ ಅಳೆಯಬಹುದು. ಹಾಗಾಗಿ ತಪ್ಪು ನುಸುಳುವ ಜಾಗಗಳಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಎಂ.ಎಸ್ಸಿ ಮಟ್ಟದ ಲ್ಯಾಬ್ ಇರುವ ಯಾವ ಕಾಲೇಜಿನಲ್ಲಾದರೂ ಇದನ್ನು ಮಾಡಬಹುದು.

ನಾವು ಹುಡುಕುತ್ತಿರುವುದು ಏನನ್ನು?

ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ನಿಜವಾಗಿ ಅಷ್ಟಕ್ಕೆ ಕೆಲಸ ನಡೆಯುವುದಿಲ್ಲ. ಅದರ ಮೇಲೆ ಕೊಡಬೇಕಾದ ಹೆಚ್ಚಿನ ವೋಲ್ಟೇಜಿಗೆ ಓವರ್‌ಪೊಟೆನ್ಷಿಯಲ್ ಎಂದು ಹೆಸರು. ಕ್ಯಾಟಲಿಸ್ಟ್, ಅಂದರೆ ಕ್ರಿಯಾವರ್ಧಕ, ಈ ಹೆಚ್ಚಿನ ಖರ್ಚನ್ನು ಕಡಿಮೆ ಮಾಡುತ್ತದೆ. ಹೈಡ್ರೋಜನ್ ಕಡೆ ಕೆಲಸ ಸಲೀಸು. ಅಲ್ಲಿ ಒಂದು ಅಣುವಿಗೆ ಎರಡು ಎಲೆಕ್ಟ್ರಾನ್ ಸೇರಿಸಿದರೆ ಆಯಿತು. ಆಕ್ಸಿಜನ್ ಕಡೆ ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನ್ ತೆಗೆಯಬೇಕು, ಒಂದಾದ ಮೇಲೊಂದು. ಹೆಚ್ಚಿನ ನಷ್ಟ ಆಗುವುದು ಅಲ್ಲೇ. ಈ ಬರಹದಲ್ಲಿ ನಾವು ಹುಡುಕುವುದೂ ಆಕ್ಸಿಜನ್ ಕಡೆಯ ಕ್ಯಾಟಲಿಸ್ಟನ್ನೇ.

ಅಳತೆಗೋಲು ಒಂದು ಬೇಕಲ್ಲ? ಒಂದು ಚದರ ಸೆಂಟಿಮೀಟರಿಗೆ 10 ಮಿಲಿಆಂಪ್ ಕರೆಂಟ್ ಹರಿಯಲು ಎಷ್ಟು ಓವರ್‌ಪೊಟೆನ್ಷಿಯಲ್ ಬೇಕು ಅಂತ ನೋಡುತ್ತಾರೆ. ಈ 10 ಎಲ್ಲಿಂದ ಬಂತು? ಚೆನ್ನಾದ ಬಿಸಿಲು ಚದರ ಸೆಂಟಿಮೀಟರಿಗೆ ಸುಮಾರು 100 ಮಿಲಿವ್ಯಾಟ್ ಕೊಡುತ್ತದೆ. 10 ಮಿಲಿಆಂಪನ್ನು 1.23ರಿಂದ ಗುಣಿಸಿದರೆ 12.3 ಮಿಲಿವ್ಯಾಟ್. ಅಂದರೆ ಬಿಸಿಲಿನ ಶೇಕಡಾ 12ರಷ್ಟು ಇಂಧನವಾಗಿ ಉಳಿದಂತೆ. ಸೌರ ಇಂಧನದ ಉಪಕರಣಕ್ಕೆ ಅದು ಒಳ್ಳೆಯ ಗುರಿ.

ಹೆಜ್ಜೆ 1: ಲೋಹಗಳನ್ನು ಆರಿಸಿ

ಮೊದಲು ನೀರು ಆಮ್ಲೀಯವೋ ಕ್ಷಾರೀಯವೋ ತೀರ್ಮಾನಿಸಿ. ಆಮ್ಲದಲ್ಲಿ ಹೆಚ್ಚಿನ ಅಗ್ಗದ ಲೋಹಗಳ ಆಕ್ಸೈಡ್‌ಗಳು ಕರಗಿ ಹೋಗುತ್ತವೆ. 2013ರಲ್ಲಿ ಕ್ಯಾಲ್ಟೆಕ್ ಮತ್ತು ಸ್ಟ್ಯಾನ್‌ಫರ್ಡ್‌ನವರು ಸೇರಿ ಹಲವು ಕ್ಯಾಟಲಿಸ್ಟ್‌ಗಳನ್ನು ಒಂದೇ ರೀತಿಯಲ್ಲಿ ಅಳೆದಾಗ, ಆಮ್ಲದಲ್ಲಿ ತಡೆದು ನಿಂತದ್ದು ಇರಿಡಿಯಮ್ ಆಕ್ಸೈಡ್ ಮಾತ್ರ. ಇರಿಡಿಯಮ್ ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ 10 ಟನ್ ಕೂಡ ಸಿಗುವುದಿಲ್ಲ. ಹೊಸಬರು ಕ್ಷಾರದಿಂದ ಶುರು ಮಾಡುವುದೇ ಸರಿ.

ನೀವು ಆರಿಸಿದ ಲೋಹ ಯಾವ ಪಿಎಚ್‌ನಲ್ಲಿ, ಯಾವ ವೋಲ್ಟೇಜಿನಲ್ಲಿ ಉಳಿಯುತ್ತದೆ, ಯಾವಾಗ ಕರಗುತ್ತದೆ ಅಂತ ತೋರಿಸುವ ಚಿತ್ರಕ್ಕೆ ಪೂರ್ಬೆ ನಕ್ಷೆ ಅನ್ನುತ್ತಾರೆ. ಬರ್ಕ್ಲಿಯ ಮೆಟೀರಿಯಲ್ಸ್ ಪ್ರಾಜೆಕ್ಟ್ ಜಾಲತಾಣದಲ್ಲಿ ಇದು ಪುಕ್ಕಟೆ ಸಿಗುತ್ತದೆ. ಅರ್ಧ ಗಂಟೆ ಅಲ್ಲಿ ಕೂತರೆ ಒಂದು ತಿಂಗಳ ವ್ಯರ್ಥ ಕೆಲಸ ತಪ್ಪುತ್ತದೆ.

ಕಂಪ್ಯೂಟರಿನಲ್ಲೇ ಜರಡಿ ಹಿಡಿಯುವ ದಾರಿಯೂ ಇದೆ. 2006ರಲ್ಲಿ ವಿಜ್ಞಾನಿಗಳಾದ ಗ್ರೀಲಿ, ನಾರ್ಸ್ಕೊವ್ ಮತ್ತು ಜೊತೆಗಾರರು ಹೈಡ್ರೋಜನ್ ಕಡೆಯ ಕ್ಯಾಟಲಿಸ್ಟ್‌ಗಾಗಿ 700ಕ್ಕೂ ಹೆಚ್ಚು ಮಿಶ್ರಲೋಹಗಳ ಲೆಕ್ಕ ಹಾಕಿ, ಬಿಸ್ಮತ್ ಸೇರಿದ ಪ್ಲಾಟಿನಮ್ ಚೆನ್ನಾಗಿರಬಹುದು ಅಂದರು. ಮಾಡಿ ನೋಡಿದರೆ ನಿಜವಾಗಿಯೂ ಚೆನ್ನಾಗಿತ್ತು. ಆದರೆ ನಾಲ್ಕು ಲೋಹ ಸೇರಿದ ಆಕ್ಸೈಡ್‌ಗಳು ಅಡ್ಡಾದಿಡ್ಡಿ ರಚನೆಯವು. ಅವಕ್ಕೆ ಲೆಕ್ಕಕ್ಕಿಂತ ಗಾಜಿನ ಮೇಲಿನ ಚುಕ್ಕೆಯೇ ವಾಸಿ ಅಂತ ನನ್ನ ಅನಿಸಿಕೆ.

ಹೆಜ್ಜೆ 2: ಎಷ್ಟು ಚುಕ್ಕೆ ಅಂತ ಲೆಕ್ಕ ಹಾಕಿ

ಮೂರು ಲೋಹಕ್ಕೆ ಶೇಕಡಾ 10ರ ಅಂತರದಲ್ಲಿ 66. ನಾಲ್ಕು ಲೋಹ ಆದರೆ ಅದೇ ಅಂತರಕ್ಕೆ 286. ಅಂತರವನ್ನು ಶೇಕಡಾ 5ಕ್ಕೆ ಇಳಿಸಿದರೆ 1771. ಶೇಕಡಾ 3.33ಕ್ಕೆ ಇಳಿಸಿದರೆ 5456.

ಈ 5456 ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ಅಮೆರಿಕದಲ್ಲಿ 2010ರಲ್ಲಿ ಕ್ಯಾಲ್ಟೆಕ್ ಮತ್ತು ಲಾರೆನ್ಸ್ ಬರ್ಕ್ಲಿ ಲ್ಯಾಬ್ ಸೇರಿ ಕೃತಕ ದ್ಯುತಿಸಂಶ್ಲೇಷಣೆಗೆಂದೇ ಜೆಕ್ಯಾಪ್ ಎಂಬ ಕೇಂದ್ರ ಕಟ್ಟಿದರು. ಅಲ್ಲಿನ ತಂಡ ನಿಕ್ಕಲ್, ಕಬ್ಬಿಣ, ಕೋಬಾಲ್ಟ್, ಸೀರಿಯಮ್ ತೆಗೆದುಕೊಂಡು ಇಂಕ್‌ಜೆಟ್ ಪ್ರಿಂಟರ್‌ನಿಂದ 5456 ಮಿಶ್ರಣಗಳನ್ನೂ ಮುದ್ರಿಸಿ, ಒಂದನ್ನೂ ಬಿಡದೆ ಅಳೆಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ಅಚ್ಚರಿ ಇತ್ತು. ನಿಕ್ಕಲ್ ಜಾಸ್ತಿ ಇರುವ ಜಾಗದಲ್ಲಿ ಒಳ್ಳೆಯ ಕ್ಯಾಟಲಿಸ್ಟ್ ಸಿಗುವುದು ಎಲ್ಲರೂ ನಿರೀಕ್ಷಿಸಿದ್ದೇ. ಅಲ್ಲಿಂದ ಬಹಳ ದೂರದಲ್ಲಿ, ಸೀರಿಯಮ್ಮೇ ಶೇಕಡಾ 43 ಇದ್ದ ಕಡೆ ಇನ್ನೊಂದು ಗುಂಪು ಎದ್ದು ನಿಂತಿತ್ತು. ನಿಕ್ಕಲ್ 30, ಕೋಬಾಲ್ಟ್ 20, ಕಬ್ಬಿಣ ಬರೀ 7. ಓವರ್‌ಪೊಟೆನ್ಷಿಯಲ್ 310 ಮಿಲಿವೋಲ್ಟ್. ಸೀರಿಯಮ್ ಆಕ್ಸೈಡ್ ಒಂದನ್ನೇ ಇಟ್ಟರೆ ಆಕ್ಸಿಜನ್ ಬಿಡಿಸುವುದರಲ್ಲಿ ಅದು ತೀರಾ ಸಪ್ಪೆ. ಅಂಥದ್ದನ್ನು ಅರ್ಧದ ಹತ್ತಿರ ತುಂಬಿಸಿ ನೋಡೋಣ ಅಂತ ಯಾರಿಗಾದರೂ ಹೊಳೆಯುತ್ತಿತ್ತೇ? ನಾನಂತೂ ಹಾಕುತ್ತಿರಲಿಲ್ಲ. ಜಾಣತನದಿಂದ 20 ಮಿಶ್ರಣ ಆರಿಸಿದ್ದರೆ ಈ ಗುಂಪು ಕೈತಪ್ಪುತ್ತಿತ್ತು.

ಹಾಗಂತ ನೀವು 5456 ಮಾಡಬೇಕಿಲ್ಲ. ಮೂರು ಲೋಹ, 66 ಚುಕ್ಕೆಯಿಂದ ಶುರು ಮಾಡಿ. ಕೋಬಾಲ್ಟ್ ಬದಲು ಸೀರಿಯಮ್ ಇಟ್ಟುಕೊಂಡರೂ ಸರಿ.

ಹೆಜ್ಜೆ 3: ಶಾಯಿ ತಯಾರಿಸಿ

ಮೂರೂ ಲೋಹಗಳ ನೈಟ್ರೇಟ್ ತಂದು, ಪ್ರತಿಯೊಂದರ 0.05 ಮೋಲಾರ್ ದ್ರಾವಣ ಮಾಡಿ. ಎಲ್ಲದರ ಸಾಂದ್ರತೆ ಒಂದೇ ಇರಲಿ. ಆಗ ಮಿಶ್ರಣದ ಲೆಕ್ಕ ಬಾಯಲ್ಲೇ ಬರುತ್ತದೆ. ನಿಕ್ಕಲ್ 60, ಕಬ್ಬಿಣ 30, ಕೋಬಾಲ್ಟ್ 10 ಬೇಕಾದರೆ 120, 60, 20 ಮೈಕ್ರೋಲೀಟರ್ ಸೇರಿಸಿ. ಒಟ್ಟು 200. ಇನ್ನೊಂದು ಲಾಭ ಏನೆಂದರೆ, ಪ್ರತಿ ಚುಕ್ಕೆಯಲ್ಲೂ ಲೋಹದ ಒಟ್ಟು ಪರಮಾಣುಗಳು ಅಷ್ಟೇ ಇರುತ್ತವೆ. ಒಂದು ಚುಕ್ಕೆ ಚೆನ್ನಾಗಿ ಕೆಲಸ ಮಾಡಿದರೆ ಅದರಲ್ಲಿ ಮಾಲು ಜಾಸ್ತಿ ಇತ್ತೇನೋ ಎಂಬ ಅನುಮಾನ ಬರುವುದಿಲ್ಲ.

ಎರಡು ಎಚ್ಚರಿಕೆ. ಕಬ್ಬಿಣದ ನೈಟ್ರೇಟ್ ದ್ರಾವಣ ಹಾಗೇ ಇಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ತಳದಲ್ಲಿ ಕೂರುತ್ತದೆ. ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಿ. ಎರಡನೆಯದು ಮಳೆಗಾಲದ ತೊಂದರೆ. ಈ ನೈಟ್ರೇಟ್‌ಗಳು ಗಾಳಿಯ ತೇವ ಹೀರುತ್ತವೆ. ಜುಲೈ ತಿಂಗಳಲ್ಲಿ ಮಂಗಳೂರಿನಂಥ ಊರಿನಲ್ಲಿ ಬಾಟಲಿ ಮುಚ್ಚಳ ಸಡಿಲ ಬಿಟ್ಟು ಹೋದರೆ ಕೋಬಾಲ್ಟ್ ನೈಟ್ರೇಟಿನ ಕೆಂಪು ಹರಳು ಗಂಜಿಯ ಹಾಗೆ ಆಗಿರುತ್ತದೆ. ಅದನ್ನು ತೂಗಿದರೆ ನೀವು ನೀರನ್ನೂ ತೂಗಿದಂತೆ. ಕೋಬಾಲ್ಟ್ ಬೆರೆತ ಮಿಶ್ರಣಗಳೆಲ್ಲ ಒಂದೇ ಕಡೆಗೆ ವಾಲಿಬಿಡುತ್ತವೆ. ಮೂಲ ದ್ರಾವಣಗಳನ್ನು ಇಡಿಟಿಎ ಟೈಟ್ರೇಶನ್ ಮಾಡಿ ಖಚಿತ ಮಾಡಿಕೊಳ್ಳಿ. ಬಿ.ಎಸ್ಸಿಯಲ್ಲಿ ಮಾಡಿದ್ದೇ ಅಲ್ವಾ?

ಹೆಜ್ಜೆ 4: ಚುಕ್ಕೆ ಇಟ್ಟು ಸುಡಿ

ಕರೆಂಟ್ ಹರಿಯುವ ಎಫ್‌ಟಿಒ ಗಾಜು ಬೇಕು. ಸೋಪು ನೀರು, ಡಿಸ್ಟಿಲ್ಡ್ ವಾಟರ್, ಐಸೊಪ್ರೊಪೈಲ್ ಆಲ್ಕೋಹಾಲ್ ಈ ಕ್ರಮದಲ್ಲಿ ತೊಳೆಯಿರಿ. ಕರೆಂಟ್ ಹರಿಯುವ ಮೈ ಯಾವುದು ಅಂತ ಮಲ್ಟಿಮೀಟರ್ ಇಟ್ಟು ನೋಡಿ. ತಪ್ಪು ಮೈ ಮೇಲೆ ಚುಕ್ಕೆ ಇಟ್ಟು ದಿನ ಕಳೆದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.

ಪ್ರಿಂಟರ್ ಇಲ್ಲದಿದ್ದರೆ ಮೈಕ್ರೋಪಿಪೆಟ್‌ನಿಂದ ಚುಕ್ಕೆಗೆ 1 ಮೈಕ್ರೋಲೀಟರ್ ಇಡಿ. ಹನಿ ಒಣಗುವುದನ್ನು ಹತ್ತಿರದಿಂದ ನೋಡಿ. ಮೇಜಿನ ಮೇಲೆ ಬಿದ್ದ ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಕಂದು ಗೆರೆ ಉಳಿದು ನಡುವೆ ಏನೂ ಇರುವುದಿಲ್ಲವಲ್ಲ, ಇಲ್ಲೂ ಹಾಗೇ ಆಗುತ್ತದೆ. ಅಂಚಿನಲ್ಲಿ ದಪ್ಪ, ನಡುವೆ ತೆಳು. ಶಾಯಿಗೆ ಸ್ವಲ್ಪ ಎಥಿಲೀನ್ ಗ್ಲೈಕಾಲ್ ಸೇರಿಸಿದರೆ ನಿಧಾನವಾಗಿ ಒಣಗಿ ಬಹುಮಟ್ಟಿಗೆ ಸಮವಾಗುತ್ತದೆ.

ಇನ್ನು ಚುಕ್ಕೆಗಳನ್ನು ರಂಗೋಲಿಯ ಕ್ರಮದಲ್ಲಿ ಇಡಬೇಡಿ. ಕಾಗದದ ಮೇಲಿನ ತ್ರಿಕೋನ ಕಾಗದದ ಮೇಲೇ ಇರಲಿ. ಗಾಜಿನ ಮೇಲೆ ಚೀಟಿ ಎತ್ತಿದ ಹಾಗೆ ಚೆಲ್ಲಾಪಿಲ್ಲಿಯಾಗಿ ಇಡಿ. ಯಾವ ಜಾಗದಲ್ಲಿ ಯಾವ ಮಿಶ್ರಣ ಅಂತ ಪಟ್ಟಿ ಬರೆದುಕೊಳ್ಳಿ. ಯಾಕೆ ಅಂತ 8ನೇ ಹೆಜ್ಜೆಯಲ್ಲಿ ಹೇಳುತ್ತೇನೆ. ಜೊತೆಗೆ ನಾಲ್ಕು ಮೂಲೆ ಮತ್ತು ನಡುವೆ, ಗುಣ ಗೊತ್ತಿರುವ ಒಂದೇ ಮಿಶ್ರಣವನ್ನು ಕಾವಲಿಗೆ ಇಡಿ. ಲೋಹವೇ ಇಲ್ಲದ ಖಾಲಿ ಶಾಯಿಯ ಒಂದೆರಡು ಚುಕ್ಕೆಯೂ ಇರಲಿ.

ಒಣಗಿದ ಮೇಲೆ ಮಫಲ್ ಫರ್ನೇಸಿನಲ್ಲಿ 350 ಡಿಗ್ರಿಗೆ ನಿಧಾನವಾಗಿ ಏರಿಸಿ ಕೆಲವು ಗಂಟೆ ಬಿಡಿ. ನೈಟ್ರೇಟ್ ಒಡೆದು ಕಂದು ಬಣ್ಣದ ವಿಷ ಹೊಗೆ ಬರುತ್ತದೆ. ಫರ್ನೇಸ್ ಫ್ಯೂಮ್ ಹುಡ್ ಒಳಗೇ ಇರಬೇಕು. ಇದರಲ್ಲಿ ರಾಜಿ ಬೇಡ.

ಹೆಜ್ಜೆ 5: ಕ್ಷಾರವನ್ನು ಶುದ್ಧ ಮಾಡಿ

ಇಲ್ಲಿ ನನ್ನದೇ ಕತೆ ಹೇಳಬೇಕು. ಮೊದಲ ಸಲ ಈ ಕೆಲಸ ಮಾಡಿದಾಗ ನನ್ನ ಬರೀ ನಿಕ್ಕಲ್ ಚುಕ್ಕೆಗಳು ದಿನದಿಂದ ದಿನಕ್ಕೆ ಚೆನ್ನಾಗುತ್ತಾ ಹೋದವು. ಸೋಮವಾರ ಒಂದು ಅಳತೆ, ಗುರುವಾರ ಅದಕ್ಕಿಂತ ಒಳ್ಳೆಯ ಅಳತೆ. ನನಗೆ ಖುಷಿಯೋ ಖುಷಿ. ನಿಕ್ಕಲ್ ತಾನೇ ಹದವಾಗುತ್ತಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಮೂರು ವಾರ ಆದ ಮೇಲೆ ಗೊತ್ತಾಯಿತು, ಅದು ಕ್ಷಾರವಾಗಿ ಬಳಸಿದ್ದ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿದ್ದ ಕಬ್ಬಿಣದ ಕೆಲಸ. ಮೂರು ವಾರದ ಅಳತೆ ಅಷ್ಟನ್ನೂ ಗೀಟು ಹಾಕಿ ಹೊಡೆದು ಹಾಕಿದೆ.

ಡೆನಿಸ್ ಕಾರಿಗನ್ ಎಂಬ ವಿಜ್ಞಾನಿ ಇದನ್ನು 1987ರಲ್ಲೇ ತೋರಿಸಿದ್ದರು. 2014ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಬೆಚರ್ ಅವರ ತಂಡ ಇನ್ನೂ ಸ್ಪಷ್ಟ ಮಾಡಿತು. ಕಬ್ಬಿಣದ ಸೋಂಕೇ ಇಲ್ಲದ ನಿಕ್ಕಲ್ ಹೈಡ್ರಾಕ್ಸೈಡ್ ಆಕ್ಸಿಜನ್ ಬಿಡಿಸುವುದರಲ್ಲಿ ಬಹಳ ಹಿಂದೆ. ಅಂಗಡಿಯಿಂದ ತಂದ ಕ್ಷಾರದಲ್ಲಿ ದಶಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ ಕಬ್ಬಿಣ ಇದ್ದರೂ ನಿಕ್ಕಲ್ ಅದನ್ನು ಹೀರಿಕೊಂಡು ಬೇರೆಯದೇ ಕ್ಯಾಟಲಿಸ್ಟ್ ಆಗುತ್ತದೆ.

ಈ ಗುಣವನ್ನೇ ನಮ್ಮ ಉಪಯೋಗಕ್ಕೆ ತಿರುಗಿಸಬಹುದು. ತುಂಬಾ ಶುದ್ಧವಾದ ನಿಕ್ಕಲ್ ನೈಟ್ರೇಟಿಗೆ ಕ್ಷಾರ ಸೇರಿಸಿ ತಿಳಿ ಹಸಿರು ಗಸಿ ಮಾಡಿಕೊಳ್ಳಿ. ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯಿರಿ. ಆ ಗಸಿಯನ್ನು ನಿಮ್ಮ 1 ಮೋಲಾರ್ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿಗೆ ಹಾಕಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಕಬ್ಬಿಣ ಗಸಿಯ ಜೊತೆ ಹಿಂದೆ ಉಳಿಯುತ್ತದೆ. ಇದೆಲ್ಲ ಪ್ಲಾಸ್ಟಿಕ್ ಬಾಟಲಿಯಲ್ಲೇ ನಡೆಯಬೇಕು. ಕ್ಷಾರ ಗಾಜನ್ನು ತಿನ್ನುತ್ತದೆ, ಗಾಜಿನಿಂದ ಕಬ್ಬಿಣ ಮತ್ತೆ ಬರುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಕ್ಷಾರ ಮುಟ್ಟಬೇಡಿ.

ಹೆಜ್ಜೆ 6: ಮೊದಲ ಜರಡಿ, ಕಣ್ಣಿಂದ

ನೂರಾರು ಚುಕ್ಕೆಗಳನ್ನು ಒಟ್ಟಿಗೆ ನೋಡುವ ಉಪಾಯ ಹೊಸದಲ್ಲ. 1998ರಲ್ಲಿ ವಿಜ್ಞಾನಿ ಮಲೌಕ್ ಮತ್ತು ಜೊತೆಗಾರರು ಮೆಥನಾಲ್ ಇಂಧನಕೋಶಕ್ಕಾಗಿ 645 ಮಿಶ್ರಣಗಳನ್ನು ಇಂಕ್‌ಜೆಟ್‌ನಿಂದ ಮುದ್ರಿಸಿ, ದ್ರಾವಣಕ್ಕೆ ಕ್ವಿನೈನ್‌ನಂಥ ಹೊಳೆಯುವ ಸೂಚಕ ಹಾಕಿದರು. ಎಲ್ಲಿ ಕ್ರಿಯೆ ಜೋರಾಗಿ ನಡೆಯಿತೋ ಅಲ್ಲಿ ಆಮ್ಲ ಹೆಚ್ಚಾಗಿ ಆ ಚುಕ್ಕೆ ಹೊಳೆಯಿತು. ಕಣ್ಣಿಗೆ ಕಂಡಷ್ಟೇ ಸರಳ.

ಕ್ಷಾರದಲ್ಲಿ ಆಕ್ಸಿಜನ್‌ಗೆ ಇನ್ನೂ ಸರಳ ದಾರಿ ಇದೆ, ಗುಳ್ಳೆ. ಗಾಜನ್ನು ದ್ರಾವಣದಲ್ಲಿ ನಿಲ್ಲಿಸಿ, ಮೊಬೈಲ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಡಿ. ವೋಲ್ಟೇಜನ್ನು 20 ಮಿಲಿವೋಲ್ಟ್‌ನಂತೆ ಏರಿಸುತ್ತಾ ಪ್ರತಿ ಸಲ ಒಂದು ನಿಮಿಷ ನಿಂತು ಫೋಟೊ ತೆಗೆಯಿರಿ. ಯಾವ ಚುಕ್ಕೆ ಎಷ್ಟಕ್ಕೆ ಮೊದಲ ಗುಳ್ಳೆ ಬಿಟ್ಟಿತು ಅಂತ ಬರೆದುಕೊಳ್ಳಿ. ಮೊದಲು ಸಾಸಿವೆಗಿಂತ ಚಿಕ್ಕ ಗುಳ್ಳೆ ಚುಕ್ಕೆಯ ಅಂಚಿನಲ್ಲಿ ಅಂಟಿಕೊಂಡಿರುತ್ತದೆ. ಸ್ವಲ್ಪ ಹೊತ್ತಿಗೆ ದಾರದ ಹಾಗೆ ಸಾಲಾಗಿ ಮೇಲೇಳುತ್ತದೆ.

ಈ ವಿಧಾನಕ್ಕೆ ಎರಡು ದೋಷ ಇವೆ. ಎಫ್‌ಟಿಒ ಪದರಕ್ಕೆ ತನ್ನದೇ ತಡೆ ಇರುವುದರಿಂದ ಕ್ಲಿಪ್‌ನಿಂದ ದೂರದ ಚುಕ್ಕೆಗೆ ವೋಲ್ಟೇಜ್ ಕಡಿಮೆ ಸಿಗುತ್ತದೆ. ನೀರಿನ ಮೇಲಿರುವ ಅಂಚಿಗೆ ಉದ್ದಕ್ಕೂ ತಾಮ್ರದ ಟೇಪ್ ಹಚ್ಚಿದರೆ ಸ್ವಲ್ಪ ಸುಧಾರಿಸುತ್ತದೆ. ಎರಡನೆಯದು, ಕಬ್ಬಿಣದ ಚುಕ್ಕೆಯಿಂದ ಕರಗಿದ ಕಬ್ಬಿಣ ಅದೇ ದ್ರಾವಣದಲ್ಲಿ ಈಜಿ ನಿಕ್ಕಲ್ ಚುಕ್ಕೆಗೆ ಹೋಗಿ ಕೂರುತ್ತದೆ. 5ನೇ ಹೆಜ್ಜೆಯ ಶ್ರಮ ನೀರಿನಲ್ಲಿ ಹೋಮ. ಹಾಗಾಗಿ ಗುಳ್ಳೆ ಪರೀಕ್ಷೆಯಿಂದ ಸತ್ತ ಚುಕ್ಕೆಗಳನ್ನು ಮಾತ್ರ ಬೇರೆ ಮಾಡಿ. ಯಾರು ಗೆದ್ದರು ಅಂತ ಅದರಿಂದ ಹೇಳಬೇಡಿ. ಮುಂದಿನ ಹೆಜ್ಜೆಗೆ ಅದೇ ಪಟ್ಟಿಯಲ್ಲಿ ಹೊಸ ಗಾಜು ಮಾಡಿಕೊಳ್ಳಿ.

ಹೆಜ್ಜೆ 7: ಒಂದು ಹನಿಯಲ್ಲಿ ಅಳತೆ

ಜೆಕ್ಯಾಪ್‌ನವರು ಬಳಸಿದ್ದು ಚಲಿಸುವ ಹನಿ. ಒಂದು ಸಣ್ಣ ಮೂತಿಯಿಂದ ಕ್ಷಾರದ ಹನಿ ಇಳಿದು ಒಂದೇ ಚುಕ್ಕೆಯನ್ನು ಮುಟ್ಟುತ್ತದೆ. ಅದರೊಳಗೇ ಮೂರೂ ಎಲೆಕ್ಟ್ರೋಡ್‌ಗಳ (ಚುಕ್ಕೆ, ವೋಲ್ಟೇಜ್ ಹೋಲಿಸಿ ನೋಡಲು ರೆಫರೆನ್ಸ್, ಕರೆಂಟ್ ಹರಿಯಲು ಎದುರು ಎಲೆಕ್ಟ್ರೋಡ್) ಸಂಪರ್ಕ ಇರುತ್ತದೆ. ಅಳೆದು ಮುಂದಿನ ಚುಕ್ಕೆಗೆ ಹೋಗುತ್ತದೆ, ದ್ರಾವಣ ಹರಿದು ಬದಲಾಗುತ್ತಿರುತ್ತದೆ. ನಮ್ಮಲ್ಲಿ ಇದಕ್ಕೆ 3ಡಿ ಪ್ರಿಂಟರ್‌ನ ಹಳೆಯ ಚೌಕಟ್ಟು ಬಳಸಬಹುದು. ಅದೂ ಇಲ್ಲದಿದ್ದರೆ ರಬ್ಬರ್ ವಾಷರ್ ಒತ್ತಿ ಕೈಯಿಂದಲೇ ಒಂದೊಂದು ಚುಕ್ಕೆಗೆ ಪುಟ್ಟ ಬಾವಿ ಕಟ್ಟಿ.

ಲೆಕ್ಕ ಒಂದು ಉದಾಹರಣೆಯಲ್ಲಿ ನೋಡೋಣ. ಮರ್ಕ್ಯುರಿ-ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್ ಇಟ್ಟು, ಪಿಎಚ್ 14ರಲ್ಲಿ, ಚದರ ಸೆಂಟಿಮೀಟರಿಗೆ 10 ಮಿಲಿಆಂಪ್‌ಗೆ 0.65 ವೋಲ್ಟ್ ಬಂತು ಅನ್ನಿ. ಇದಕ್ಕೆ ರೆಫರೆನ್ಸಿನ ಪಾಲು 0.098 ಮತ್ತು ಪಿಎಚ್‌ನ ಪಾಲು 0.826 (0.059 × 14) ಸೇರಿಸಿ. 1.574 ಆಯಿತು. ಅದರಿಂದ 1.23 ಕಳೆದರೆ 0.344. ಇಷ್ಟಕ್ಕೇ ನಿಲ್ಲಿಸಬೇಡಿ. ಚುಕ್ಕೆಯ ವಿಸ್ತೀರ್ಣ 0.2 ಚದರ ಸೆಂಟಿಮೀಟರ್ ಆದರೆ ಹರಿದ ಕರೆಂಟ್ 2 ಮಿಲಿಆಂಪ್. ದ್ರಾವಣ ಮತ್ತು ಗಾಜಿನ ತಡೆ 15 ಓಮ್ ಇದ್ದರೆ 30 ಮಿಲಿವೋಲ್ಟ್ ದಾರಿಯಲ್ಲೇ ಖರ್ಚಾಗಿದೆ. ನಿಜವಾದ ಓವರ್‌ಪೊಟೆನ್ಷಿಯಲ್ ಸುಮಾರು 314 ಮಿಲಿವೋಲ್ಟ್. ಈ ತಡೆಯನ್ನು ಪ್ರತಿ ಚುಕ್ಕೆಗೂ ಬೇರೆಯಾಗಿ ಅಳೆಯಿರಿ.

ಕರೆಂಟ್ ಬಂದಿದ್ದೆಲ್ಲ ಆಕ್ಸಿಜನ್ನಿಂದಲೇ ಅಂತಲೂ ತಿಳಿಯಬೇಡಿ. ನಿಕ್ಕಲ್ ತಾನೇ ಆಕ್ಸಿಡೈಸ್ ಆಗುವಾಗಲೂ ಕರೆಂಟ್ ಹರಿಯುತ್ತದೆ. ವೋಲ್ಟೇಜನ್ನು ಒಂದು ಕಡೆ ನಿಲ್ಲಿಸಿ, ಕರೆಂಟ್ ಸಮ ಆಗುವವರೆಗೆ ಕಾದು ಓದಿ. ಹೈಡ್ರೋಜನ್ ಕಡೆಯ ಕ್ಯಾಟಲಿಸ್ಟ್ ಅಳೆಯುವವರಿಗೆ ಇನ್ನೊಂದು ಮಾತು: ಎದುರು ಎಲೆಕ್ಟ್ರೋಡ್ ಪ್ಲಾಟಿನಮ್ ಆಗಿದ್ದರೆ ಅದು ಕರಗಿ ನಿಮ್ಮ ಚುಕ್ಕೆಗೇ ಬಂದು ಅಂಟಿಕೊಳ್ಳಬಹುದು. ಗ್ರಾಫೈಟ್ ಕಡ್ಡಿ ಬಳಸಿ.

ಹೆಜ್ಜೆ 8: ನಕ್ಷೆ ಓದಿ

ಈಗ 66 ಅಂಕಿಗಳನ್ನು ಎರಡು ಕಾಗದದ ಮೇಲೆ ಬಣ್ಣದಲ್ಲಿ ತುಂಬಿ. ಒಂದರಲ್ಲಿ ರಂಗೋಲಿಯ ತ್ರಿಕೋನ, ಇನ್ನೊಂದರಲ್ಲಿ ಗಾಜಿನ ಮೇಲಿನ ನಿಜವಾದ ಜಾಗ. ಚೆಲ್ಲಾಪಿಲ್ಲಿ ಇಟ್ಟದ್ದು ಇದಕ್ಕೇ. ಮಿಶ್ರಣದಲ್ಲಿ ನೆರೆಯವರಾದವರು ಗಾಜಿನ ಮೇಲೆ ದೂರ ದೂರ ಇದ್ದಾರೆ. ತ್ರಿಕೋನದಲ್ಲಿ ಒಳ್ಳೆಯ ಚುಕ್ಕೆಗಳು ಒಂದು ಕಡೆ ಗುಂಪಾಗಿ ಕಂಡರೆ ಅದು ರಸಾಯನಶಾಸ್ತ್ರ ಹೇಳುವ ಮಾತು. ಗಾಜಿನ ಚಿತ್ರದಲ್ಲಿ ಗುಂಪಾಗಿ ಕಂಡರೆ ಅದು ಫರ್ನೇಸಿನ ಬಿಸಿ ಮೂಲೆಯೋ ಕ್ಲಿಪ್ಪಿನ ಹತ್ತಿರದ ಲಾಭವೋ ಇರಬೇಕು. ಐದು ಕಾವಲು ಚುಕ್ಕೆಗಳು ಒಂದೇ ಉತ್ತರ ಕೊಟ್ಟಿವೆಯೇ ನೋಡಿ. ಅವುಗಳ ನಡುವೆಯೇ 25 ಮಿಲಿವೋಲ್ಟ್ ವ್ಯತ್ಯಾಸ ಇದ್ದರೆ, ಎರಡು ಮಿಶ್ರಣಗಳ ನಡುವಿನ 10 ಮಿಲಿವೋಲ್ಟ್ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ.

ಒಂಟಿಯಾಗಿ ಹೊಳೆಯುವ ಚುಕ್ಕೆ ಕಂಡರೆ ಸಂಭ್ರಮ ಬೇಡ. ಶೇಕಡಾ 10 ಆಚೀಚೆ ಇರುವ ನೆರೆಯವರೆಲ್ಲ ಮಂಕಾಗಿದ್ದು ಇದೊಂದೇ ಹೊಳೆದರೆ ಹೆಚ್ಚಿನ ಸಲ ಅದು ಕೊಳೆ ಅಥವಾ ಪಿಪೆಟ್ ತಪ್ಪು. ಸೀರಿಯಮ್ ಗುಂಪನ್ನು ನಂಬಲು ಕಾರಣವೇ ಅದು ಒಂದು ಚುಕ್ಕೆಯಾಗಿರದೆ ಒಂದು ಇಡೀ ಪ್ರದೇಶವಾಗಿದ್ದದ್ದು.

ಒಳ್ಳೆಯ ಪ್ರದೇಶ ಸಿಕ್ಕ ಮೇಲೆ ಅಲ್ಲಿ ಮಾತ್ರ ಶೇಕಡಾ 3ರ ಅಂತರದಲ್ಲಿ ಹೊಸ ಗಾಜು ಮಾಡಿ. ಮುಂದೆ ಯಾವ ಮಿಶ್ರಣ ನೋಡಬೇಕು ಅಂತ ಸೂಚಿಸುವ ಮಷಿನ್ ಲರ್ನಿಂಗ್ ಪ್ರೋಗ್ರಾಮ್‌ಗಳಿವೆ. ಅವನ್ನು ಬಳಸುವುದಾದರೆ ಕೆಲಸ ಮಾಡದ ಚುಕ್ಕೆಗಳ ಅಂಕಿಗಳನ್ನೂ ಕೊಡಿ. ಸೋತದ್ದನ್ನು ಮುಚ್ಚಿಟ್ಟರೆ ಪ್ರೋಗ್ರಾಮ್ ಏನೂ ಕಲಿಯುವುದಿಲ್ಲ.

ಬೆಳಕಿನಿಂದಲೇ ನೀರು ಒಡೆಯುವುದಾದರೆ

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಮ್ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರು ಒಡೆದರು. ಅದರ ಬ್ಯಾಂಡ್‌ಗ್ಯಾಪ್, ಅಂದರೆ ಅದರಲ್ಲಿ ಎಲೆಕ್ಟ್ರಾನ್ ಎಬ್ಬಿಸಲು ಬೆಳಕು ಕೊಡಬೇಕಾದ ಕನಿಷ್ಠ ಶಕ್ತಿ, ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಬಿಸಿಲಿನಲ್ಲಿ ಅಲ್ಪ ಪಾಲಾಗಿರುವ ಅತಿನೇರಳೆ ಬೆಳಕು ಮಾತ್ರ ಅದಕ್ಕೆ ದಕ್ಕುತ್ತದೆ. 2.4 ಇರುವ ಬಿಸ್ಮತ್ ವನಡೇಟ್‌ನಂಥವು ಬೇಕು, ಇನ್ನೂ ಕಡಿಮೆ ಆದರೂ ಒಳ್ಳೆಯದೇ. 2017ರಲ್ಲಿ ಜೆಕ್ಯಾಪ್ ತಂಡ ಲೆಕ್ಕ ಮತ್ತು ಪ್ರಯೋಗ ಎರಡನ್ನೂ ಜೋಡಿಸಿ ಬೆಳಕು ಬಿದ್ದಾಗ ಆಕ್ಸಿಜನ್ ಬಿಡಿಸುವ 12 ಹೊಸ ವನಡೇಟ್ ಫೋಟೊ ಆನೋಡ್‌ಗಳನ್ನು ತೋರಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಬೆಳಕಿನಿಂದ ನೀರು ಒಡೆಯುವುದರ ಮೇಲೆ ಕೆಲಸ ಮಾಡಿದೆ.

ಚುಕ್ಕೆ ಇಡುವುದು, ಸುಡುವುದು ಎಲ್ಲ ಹಿಂದಿನಂತೆಯೇ. ಅಳೆಯುವಾಗ ಮಾತ್ರ ಬೆಳಕನ್ನು ಚುಕ್ಕೆಯಿಂದ ಚುಕ್ಕೆಗೆ ಓಡಿಸಿ, ಎಲ್ಲಿ ಕರೆಂಟ್ ಏರಿತು ನೋಡಬೇಕು. ಅಮೆರಿಕದಲ್ಲಿ ಬ್ರೂಸ್ ಪಾರ್ಕಿನ್ಸನ್ ಶುರು ಮಾಡಿದ ಶಾರ್ಕ್ ಯೋಜನೆಯಲ್ಲಿ ಹೈಸ್ಕೂಲು ಮಕ್ಕಳು ಲೆಗೊ ಮೋಟರ್ ಮತ್ತು ಲೇಸರ್ ಪಾಯಿಂಟರ್ ಇಟ್ಟುಕೊಂಡು ಇದನ್ನೇ ಮಾಡಿದರು. ನಮ್ಮ ಪಿಯು ಕಾಲೇಜುಗಳಲ್ಲೂ ಇದು ನಡೆಯಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಹೆಜ್ಜೆ 9: ಮತ್ತೆ ಮಾಡಿ, ಬೇರೆ ರೀತಿಯಲ್ಲಿ

ಗೆದ್ದ ಮಿಶ್ರಣವನ್ನು ಹೊಸ ದ್ರಾವಣದಿಂದ, ದೊಡ್ಡ ಎಲೆಕ್ಟ್ರೋಡಿನ ಮೇಲೆ ಮತ್ತೆ ತಯಾರಿಸಿ. 5456ರಲ್ಲಿ ಆರಿಸಿದ ಎರಡು ಮಿಶ್ರಣಗಳನ್ನೂ ಜೆಕ್ಯಾಪ್ ತಂಡ ಗ್ಲಾಸಿ ಕಾರ್ಬನ್ ಕಡ್ಡಿಯ ಮೇಲೆ ಹೀಗೇ ಮತ್ತೆ ಮಾಡಿ ಅಳೆಯಿತು. ಸಾಧ್ಯವಾದರೆ ನಿಮ್ಮ ಗೆಳೆಯರ ಕೈಯಲ್ಲಿ, ಅವರ ಲ್ಯಾಬಿನಲ್ಲಿ ಮಾಡಿಸಿ. ಮಿಶ್ರಣದ ಹೆಸರು ಹೇಳದೆ ನಂಬರ್ ಮಾತ್ರ ಕೊಡಿ.

ಆಮೇಲೆ ಬಾಳಿಕೆ. 10 ಮಿಲಿಆಂಪ್‌ನಲ್ಲಿ ಮೊದಲು 2 ಗಂಟೆ, ತಡೆದರೆ ಒಂದು ದಿನ, ತಡೆದರೆ ಒಂದು ವಾರ. ಕಾರ್ಖಾನೆಯಲ್ಲಿ ನೀರು ಒಡೆಯುವ ಯಂತ್ರಗಳಾದ ಎಲೆಕ್ಟ್ರೊಲೈಸರ್‌ಗಳು ಹತ್ತಾರು ಸಾವಿರ ಗಂಟೆ ಓಡುತ್ತವೆ. ಪರೀಕ್ಷೆ ಮುಗಿದ ಮೇಲೆ ದ್ರಾವಣವನ್ನು ಚೆಲ್ಲಬೇಡಿ. ಅದರಲ್ಲಿ ಎಷ್ಟು ಲೋಹ ಕರಗಿದೆ ಅಂತ ಐಸಿಪಿ ಯಂತ್ರ ಇರುವ ಕಡೆ ಕಳಿಸಿ ಅಳೆಸಿ. ವೋಲ್ಟೇಜ್ ಕದಲದೆ ನಿಂತಿದ್ದರೂ ಒಳಗೊಳಗೇ ಲೋಹ ಕರಗುತ್ತಿರಬಹುದು.

ಗಾಜುಗಳನ್ನು ಬಿಸಾಡಬೇಡಿ. ಹಿಂಬದಿಯಲ್ಲಿ ವಜ್ರದ ಮೊನೆಯ ಪೆನ್ನಿನಿಂದ ನಂಬರ್ ಮತ್ತು ತಾರೀಖು ಕೆತ್ತಿ, ಟಿಶ್ಯೂ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮುಚ್ಚಳದ ಒಳಗೆ ಯಾವ ಜಾಗದಲ್ಲಿ ಯಾವ ಮಿಶ್ರಣ ಎಂಬ ಪಟ್ಟಿಯ ಪ್ರತಿ ಅಂಟಿಸಿ. ಆ ಪಟ್ಟಿ ಕಳೆದರೆ ಉಳಿಯುವುದು ಬಣ್ಣದ ಕಲೆ ಇರುವ ಗಾಜು ಅಷ್ಟೇ.